ಕಸಿ ಲಿವರಿನ ಪಿತ್ತರಸಕ್ಕೆ ಬ್ಯಾಕ್ಟೀರಿಯಾ ಬಂದರೆ

ಲಿವರ್ ಕಸಿಯಲ್ಲಿ ರಕ್ತನಾಳಗಳ ಹೊಲಿಗೆ ಮುಗಿದು ಕ್ಲಾಂಪ್ ಬಿಚ್ಚಿದ ಕೂಡಲೇ, ಐಸ್‌ನಲ್ಲಿ ಬಂದ ಮಾಸಲು ಅಂಗಕ್ಕೆ ಕೆಂಪು ಏರುತ್ತದೆ. ಆಮೇಲೆ ಸರ್ಜನ್ ಕಣ್ಣು ಹೋಗುವುದು ಪಿತ್ತನಾಳದ ತುದಿಗೆ. ಅಲ್ಲಿ ಹೊಂಬಣ್ಣದ ರಸ ತೊಟ್ಟಿಕ್ಕಿದರೆ ಲಿವರ್ ಕೆಲಸಕ್ಕೆ ಇಳಿದಿದೆ ಎಂದರ್ಥ.

ಆ ರಸ ಬ್ಯಾಕ್ಟೀರಿಯಾಗಳಿಗೆ ಹಿತವಾದ ಜಾಗವಲ್ಲ. ಅದರ ಲವಣಗಳು ಸೋಪಿನ ಹಾಗೆ, ಜಿಡ್ಡಿನ ಜೊತೆ ಅವುಗಳ ಪೊರೆಯನ್ನೂ ಕರಗಿಸುತ್ತವೆ. ಸಾಲದ್ದಕ್ಕೆ ನಾಳ ಕರುಳಿಗೆ ಸೇರುವಲ್ಲಿ ಬಿಗಿಯುವ ಸ್ನಾಯು ಇದೆ. ರಸ ಇಳಿಯುತ್ತಲೇ ಇರುತ್ತದೆ, ಕರುಳಿನ ಜೀವಿಗಳು ಮೇಲೇರುವುದು ಸುಲಭವಲ್ಲ.

ಕಸಿಯಾದ ಮೇಲೆ ಈ ಕಾವಲು ಸಡಿಲವಾಗುತ್ತದೆ. ರೋಗನಿರೋಧಕ ಶಕ್ತಿಯನ್ನು ಟ್ಯಾಕ್ರೊಲಿಮಸ್‌ನಂಥ ಔಷಧಿಗಳು ತಗ್ಗಿಸಿರುತ್ತವೆ. ನಾಳವನ್ನು ನೇರ ಸಣ್ಣ ಕರುಳಿಗೆ ಜೋಡಿಸಿದರೆ ಆ ಸ್ನಾಯುವಿನ ಬಾಗಿಲೇ ಇರುವುದಿಲ್ಲ. ನಾಳ ತೆರೆದಿರಲೆಂದು ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದರೆ ಅದರ ಮೇಲೆ ಬ್ಯಾಕ್ಟೀರಿಯಾಗಳು ಲೋಳೆ ಪದರ ಕಟ್ಟಿಕೊಂಡು ಕೂರುತ್ತವೆ. ನಮ್ಮ ದೇಶದಲ್ಲಿ ಹೆಚ್ಚಿನ ಕಸಿಗಳು ಬದುಕಿರುವ ದಾನಿಯ ಲಿವರ್ ಭಾಗದಿಂದ ನಡೆಯುತ್ತವೆ. ಆ ನಾಳಗಳು ಕೆಲವೇ ಮಿಲಿಮೀಟರ್ ಅಗಲ, ಕೆಲವೊಮ್ಮೆ ಎರಡು ಮೂರು. ಜೋಡಿಸುವ ಕಷ್ಟ ಸುಮ್ನೆ ಊಹಿಸಿಕೊಳ್ಳಿ. ಇನ್ನೊಂದು ಕಿರಿಕಿರಿ: ಲಿವರಿಗೆ ರಕ್ತ ಎರಡು ದಾರಿಯಲ್ಲಿ ಬರುತ್ತದೆ, ಕಸಿಯ ಪಿತ್ತನಾಳಕ್ಕೆ ಮಾತ್ರ ಹೆಚ್ಚುಕಡಿಮೆ ಒಂದೇ ಅಪಧಮನಿ ಆಧಾರ. ಅದರಲ್ಲಿ ರಕ್ತ ಹೆಪ್ಪುಗಟ್ಟಿದರೆ ನಾಳ ಸಾಯುತ್ತದೆ, ಸತ್ತ ಅಂಗಾಂಶದಲ್ಲಿ ಸೋಂಕು ಬೇರೂರುತ್ತದೆ.

ಹೊಸ ಲಿವರ್ ತಡವರಿಸುತ್ತಿದೆ ಎನ್ನಲು ಡಾಕ್ಟರರು 2010ರಿಂದ ಬಳಸುವ ಅಳತೆ ಇದು: ಕಸಿಯಾದ 7ನೇ ದಿನ ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯ ಹಳದಿ ಬಣ್ಣದ ವಸ್ತು) ಡೆಸಿಲೀಟರಿಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ, ಅದೇ ದಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) 1.6 ಅಥವಾ ಮೇಲೆ, ಇಲ್ಲವೇ ಮೊದಲ ವಾರದಲ್ಲಿ ರಕ್ತದಲ್ಲಿ ಲಿವರ್ ಕಿಣ್ವ ಲೀಟರಿಗೆ 2000 ಯೂನಿಟ್ ದಾಟುವುದು. ಒಂದಿದ್ದರೂ ಸಾಕು. ಇದಕ್ಕೆ ಐಸ್‌ನಲ್ಲಿ ಹೆಚ್ಚು ಹೊತ್ತು ಇದ್ದದ್ದು, ದಾನಿಯ ಲಿವರಿನಲ್ಲಿದ್ದ ಕೊಬ್ಬು, ಹೀಗೆ ಕಾರಣ ಹಲವು.

ಹಾಗಾದರೆ ತಡವರಿಸುವ ಲಿವರಿನ ಪಿತ್ತರಸದಲ್ಲಿ ಬ್ಯಾಕ್ಟೀರಿಯಾ ಕಂಡರೆ ಅದೇ ಅಪರಾಧಿ ಅಲ್ವಾ? ನನಗೆ ಅಷ್ಟು ಸಲೀಸು ಅನ್ನಿಸುವುದಿಲ್ಲ. ಬಳಲಿದ ಲಿವರ್ ರಸವನ್ನೇ ಕಡಿಮೆ ಸುರಿಸುತ್ತದೆ, ನಿಂತ ರಸದಲ್ಲಿ ಜೀವಿಗಳು ಬೆಳೆಯುತ್ತವೆ. ಆಗ ಅವು ಕಾರಣವಲ್ಲ, ಗುರುತು. ಹಾಗಾಗಿ ಪಿತ್ತರಸದ ರಿಪೋರ್ಟಿನಲ್ಲಿ ಎಂಟರೋಕಾಕಸ್ (ಕರುಳಿನ ಒಂದು ಬ್ಯಾಕ್ಟೀರಿಯಾ) ಅಂತ ಇದ್ದ ಮಾತ್ರಕ್ಕೆ ಆಂಟಿಬಯೋಟಿಕ್ ಸುರಿಯಬೇಕಿಲ್ಲ. ಜ್ವರ ಇದೆಯೇ, ನಾಳ ಕಿರಿದಾಗಿದೆಯೇ ಎಂದು ನೋಡಬೇಕು. ಕಿರಿದಾಗಿದ್ದರೆ ಎಂಡೋಸ್ಕೋಪ್ ಇಳಿಸಿ ಹಿಗ್ಗಿಸಬೇಕು. ತಡೆಯ ಹಿಂದೆ ನಿಂತ ರಸಕ್ಕೆ ಔಷಧಿ ಸರಿಯಾಗಿ ತಲುಪುವುದೇ ಇಲ್ಲ.