ಎಷ್ಟು ವಿಮಾನ ಉರುಳಿಸಿದರು ಎಂಬ ಪ್ರಶ್ನೆಗೆ ಒಂದೇ ಅಂಕಿಯ ಉತ್ತರವಿಲ್ಲ

ಮೊದಲನೆಯ ಮಹಾಯುದ್ಧದ ವಿಮಾನ ಕಾಳಗಗಳ ದಾಖಲೆಗಳನ್ನು ಓದಿ, ಪ್ರದರ್ಶನಗಳಿಗೂ ಪಠ್ಯಗಳಿಗೂ ಬೇಕಾದ ಟಿಪ್ಪಣಿಗಳನ್ನು ಸಿದ್ಧಪಡಿಸಿಕೊಡುವುದು ನನ್ನ ಕೆಲಸ. ಈ ಕೆಲಸಕ್ಕೆ ಕೈ ಹಾಕಿದಾಗಿನಿಂದ ನನ್ನ ಬಳಿಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಜರ್ಮನಿಯ ರಿಕ್ಟ್‌ಹೋಫೆನ್ 80, ಫ್ರಾನ್ಸಿನ ಫೋಂಕ್ 75, ಕೆನಡಾದ ಬಿಷಪ್ 72, ನಮ್ಮ ಇಂದ್ರಲಾಲ್ ರಾಯ್ 10. ಹಾಗಾದರೆ ಇವರಲ್ಲಿ ನಿಜವಾಗಿ ದೊಡ್ಡವರು ಯಾರು, ಎರಡನೆಯವರು ಯಾರು, ರಾಯ್ ಅವರ ಸ್ಥಾನ ಎಷ್ಟನೆಯದು ಎಂದು ಕೇಳುತ್ತಾರೆ. ಶಾಲೆಯ ಮಕ್ಕಳು ಕೇಳಿದರೆ ನನಗೆ ಸಂತೋಷವೇ. ಕೂರಿಸಿಕೊಂಡು ಹೇಳುತ್ತೇನೆ, ಅವರು ಕೇಳಿಸಿಕೊಳ್ಳುತ್ತಾರೆ ಕೂಡ. ಆದರೆ ರಸಪ್ರಶ್ನೆ ಸಿದ್ಧಪಡಿಸುವವರು, ಪತ್ರಿಕೆಗಳಿಗೆ ಬರೆಯುವವರು, ಗೋಡೆಗೆ ಫಲಕ ಬರೆಸುವವರು ನಾನು ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳಿ, ಕೊನೆಗೆ ‘ಅದೆಲ್ಲ ಸರಿ ಸರ್, ಒಂದು ಅಂಕಿ ಕೊಟ್ಟುಬಿಡಿ’ ಎಂದಾಗ ತಾಳ್ಮೆ ಉಳಿಸಿಕೊಳ್ಳುವುದು ಕಷ್ಟವಾಗುತ್ತದೆ.

ತಿರುಗುವ ಪ್ರೊಪೆಲರಿನ ರೆಕ್ಕೆಗಳ ನಡುವಿನಿಂದ ಗುಂಡು ಹಾರಿಸುವ ವ್ಯವಸ್ಥೆ 1915ರಲ್ಲಿ ಹೇಗೆ ಬಂದಿತು, ಫ್ರೆಂಚ್ ಪೈಲಟ್ ರೋಲಾಂ ಗಾರೋಸ್ ಏನು ಮಾಡಿದರು, ಜರ್ಮನರಿಗೆ ವಿಮಾನ ಕಟ್ಟಿಕೊಡುತ್ತಿದ್ದ ಫೊಕರ್ ಏನು ಮಾಡಿದ ಎಂಬುದು ಎಲ್ಲ ಪುಸ್ತಕಗಳಲ್ಲೂ ಇದೆ. ಅದನ್ನು ಇಲ್ಲಿ ಬಿಡುತ್ತೇನೆ. ಆದರೆ ಎಣಿಕೆ ಎಲ್ಲಿಂದ ಶುರುವಾಯಿತೆಂಬುದನ್ನು ಹೇಳಲೇಬೇಕು. ಐದು ವಿಮಾನ ಉರುಳಿಸಿದವನನ್ನು ‘ಏಸ್’ ಎಂದು ಕರೆಯುವ ರೂಢಿಯನ್ನು ಬೆಳೆಸಿದ್ದು ಫ್ರೆಂಚ್ ಪತ್ರಿಕೆಗಳು. ಜರ್ಮನರು ಎಣಿಕೆಯನ್ನು ಪದಕಕ್ಕೆ ಕಟ್ಟಿದರು: 1916ರ ಜನವರಿಯಲ್ಲಿ ಬೋಲ್ಕೆ ಮತ್ತು ಇಮ್ಮೆಲ್‌ಮನ್ ಇಬ್ಬರಿಗೂ ಎಂಟು ವಿಜಯಗಳಿಗೆ ಅತ್ಯುನ್ನತ ಪದಕ ಸಿಕ್ಕಿತು, ಅದೇ ಪದಕಕ್ಕೆ ಅದೇ ವರ್ಷದ ಕೊನೆಯ ಹೊತ್ತಿಗೆ ಹದಿನಾರು ಬೇಕಾದವು, ಆಮೇಲೆ ಇಪ್ಪತ್ತು. ಬ್ರಿಟಿಷ್ ಸೇನೆಯಂತೂ ಅಧಿಕೃತವಾಗಿ ಏಸ್‌ಗಳ ಪಟ್ಟಿಯನ್ನೇ ಇಡಲಿಲ್ಲ. ಅಂದರೆ ಈ ಅಂಕಿಗಳನ್ನು ಹುಟ್ಟುಹಾಕಿದ್ದು ಹುರಿದುಂಬಿಸುವ, ಗೌರವಿಸುವ ಅಗತ್ಯ. ಮುಂದೊಂದು ದಿನ ಯಾರೋ ಇವನ್ನೆಲ್ಲ ಒಂದೇ ಪಟ್ಟಿಯಲ್ಲಿ ಕೂರಿಸಿ ಹೋಲಿಸುತ್ತಾರೆಂದು ಆಗ ಲೆಕ್ಕ ಇಟ್ಟವರು ಯಾರೂ ಯೋಚಿಸಿರಲಿಲ್ಲ.

ಈಗ ನಾನು ಮತ್ತೆ ಮತ್ತೆ ಹೇಳಬೇಕಾಗಿ ಬರುವ ಮಾತಿಗೆ ಬರುತ್ತೇನೆ. ದಾಖಲೆಯಲ್ಲಿರುವ ಒಂದು ‘ವಿಜಯ’ ಎಂದರೆ ನೆಲಕ್ಕೆ ಬಿದ್ದ ಒಂದು ವಿಮಾನ ಎಂದೇ ಅರ್ಥವಲ್ಲ. ಬ್ರಿಟಿಷ್ ಪೈಲಟ್ ಕಾಳಗ ಮುಗಿಸಿ ಇಳಿದ ಮೇಲೆ ‘ಕಂಬ್ಯಾಟ್ಸ್ ಇನ್ ದಿ ಏರ್’ ಎಂಬ ತಲೆಬರಹದ ಅಚ್ಚಾದ ನಮೂನೆಯೊಂದನ್ನು ತುಂಬಿಸಬೇಕಿತ್ತು. ಸ್ಕ್ವಾಡ್ರನ್ ಯಾವುದು, ವಿಮಾನದ ಮಾದರಿ ಮತ್ತು ಸಂಖ್ಯೆ, ಆಯುಧ, ಪೈಲಟ್, ಸ್ಥಳ, ದಿನಾಂಕ, ಸಮಯ, ಒಪ್ಪಿಸಿದ ಕೆಲಸ, ಎತ್ತರ ಇವಿಷ್ಟು ಮೊದಲು. ಆಮೇಲೆ ಫಲಿತಾಂಶಕ್ಕೆ ಮೂರು ಸಾಲು: ನಾಶವಾದದ್ದು, ಹತೋಟಿ ತಪ್ಪಿ ಕೆಳಗಿಳಿದದ್ದು, ಕೆಳಕ್ಕೆ ಅಟ್ಟಿದ್ದು. ಅದರ ಕೆಳಗೆ ನಡೆದದ್ದರ ವಿವರಣೆ, ಪೈಲಟ್‌ನ ರುಜು, ಸ್ಕ್ವಾಡ್ರನ್ ಕಮಾಂಡರ್‌ನ ರುಜು. ಆ ಹಾಳೆ ಮೇಲಕ್ಕೆ ಹೋಗಿ, ಮೇಲಿನವರು ಒಪ್ಪಿದರೆ ಲೆಕ್ಕಕ್ಕೆ ಸೇರುತ್ತಿತ್ತು. ಮೂರನೆಯ ಸಾಲನ್ನು ಕ್ರಮೇಣ ಎಣಿಕೆಯಿಂದ ಕೈಬಿಟ್ಟರು. ಎರಡನೆಯ ಸಾಲು ಮಾತ್ರ ಕೊನೆಯವರೆಗೂ ಉಳಿಯಿತು. ಹತೋಟಿ ತಪ್ಪಿ ಕೆಳಗಿಳಿದ ವಿಮಾನ ನೆಲಕ್ಕೆ ಅಪ್ಪಳಿಸಿದ್ದನ್ನು ಯಾರೂ ನೋಡದಿದ್ದರೂ ಅದು ಒಂದು ವಿಜಯವೇ. ಇಬ್ಬರು ಮೂವರು ಸೇರಿ ಹೊಡೆದಿದ್ದರೆ ಅದು ಹಂಚಿಕೊಂಡ ವಿಜಯ. ಮುಂದೆ ಪಟ್ಟಿ ಮಾಡಿದವರು ಅದನ್ನೂ ಒಬ್ಬೊಬ್ಬರ ಹೆಸರಿಗೆ ಒಂದೊಂದಾಗಿಯೇ ಬರೆದರು.

ಜರ್ಮನರ ಲೆಕ್ಕ ಬೇರೆ. ಅಲ್ಲಿ ಹಂಚಿಕೆಯಿಲ್ಲ: ಒಂದು ವಿಮಾನ ಬಿದ್ದರೆ ಅದು ಒಬ್ಬನ ಹೆಸರಿಗೆ ಮಾತ್ರ, ಇಬ್ಬರು ತಮ್ಮದೆಂದರೆ ಮೇಲಿನವರು ತೀರ್ಮಾನಿಸಿ ಒಬ್ಬನಿಗೆ ಕೊಡುತ್ತಿದ್ದರು. ಅವಶೇಷ ಬೇಕು, ಇಲ್ಲವೇ ನೆಲದಿಂದ ಅಥವಾ ಆಕಾಶದಿಂದ ನೋಡಿದ ಸಾಕ್ಷಿ ಬೇಕು. ಫ್ರೆಂಚರದು ಮೂರನೆಯ ಬಗೆ: ಸಾಕ್ಷಿಯ ವಿಷಯದಲ್ಲಿ ತುಂಬ ಬಿಗಿ, ಹಂಚಿಕೆಯ ವಿಷಯದಲ್ಲಿ ತುಂಬ ಉದಾರ. ಶತ್ರುವಿನ ನೆಲದ ಒಳಗೆ ದೂರದಲ್ಲಿ ಬಿದ್ದ ವಿಮಾನವನ್ನು ನೋಡಿದವರಿಲ್ಲದಿದ್ದರೆ ಅದು ಲೆಕ್ಕಕ್ಕಿಲ್ಲ. ಆದರೆ ಮೂವರು ಸೇರಿ ಒಂದನ್ನು ಉರುಳಿಸಿದ್ದು ದೃಢಪಟ್ಟರೆ ಮೂವರಿಗೂ ಒಂದೊಂದು ಪೂರ್ತಿ ವಿಜಯ. ರೆನೆ ಫೋಂಕ್ ತಾವೇ ಹೇಳಿಕೊಂಡ ಸಂಖ್ಯೆ ನೂರನ್ನು ಮೀರಿದ್ದರೂ ಅವರ ಹೆಸರಿಗೆ 75 ಮಾತ್ರ ನಿಂತಿರುವುದಕ್ಕೆ ಈ ಬಿಗಿಯೇ ಕಾರಣ. ಹಿಂದೆ ನಮ್ಮಲ್ಲಿ ಪಕ್ಕಾ ಸೇರು, ಕಚ್ಚಾ ಸೇರು ಎಂದು ಎರಡು ಅಳತೆಗಳಿದ್ದವು. ಯಾವ ಸೇರಿನಲ್ಲಿ ಅಳೆದದ್ದೆಂದು ಕೇಳದೆ ಹತ್ತು ಸೇರು ರಾಗಿಯ ವ್ಯವಹಾರವನ್ನು ನಮ್ಮ ಅಜ್ಜಂದಿರು ಯಾರೂ ಮುಗಿಸುತ್ತಿರಲಿಲ್ಲ. ರಿಕ್ಟ್‌ಹೋಫೆನ್‌ನ 80, ಫೋಂಕ್‌ನ 75, ಬಿಷಪ್‌ನ 72 ಎಂದು ಒಂದರ ಕೆಳಗೊಂದು ಬರೆಯುವವರಿಂದ ನಾನು ಬಯಸುವುದು ಆ ಒಂದು ಪ್ರಶ್ನೆಯನ್ನಷ್ಟೇ.

‘ಹಾಗಾದರೆ ಜರ್ಮನರು ಪ್ರಾಮಾಣಿಕರು, ಬ್ರಿಟಿಷರು ಸುಳ್ಳುಗಾರರು ಅನ್ನುತ್ತೀರಾ’ ಎಂದು ಇಲ್ಲಿಗೆ ಬಂದಾಗ ಯಾರಾದರೂ ಕೇಳಿಯೇ ಕೇಳುತ್ತಾರೆ. ಖಂಡಿತ ಅಲ್ಲ. ಕಾಳಗ ಎಲ್ಲಿ ನಡೆಯಿತೆಂಬುದನ್ನು ನೋಡಬೇಕು. ಟ್ರೆಂಚರ್ಡ್ ಅವರ ನೇತೃತ್ವದಲ್ಲಿ ಬ್ರಿಟಿಷ್ ವಾಯುದಳ ಸದಾ ಶತ್ರುವಿನ ಗಡಿಯೊಳಗೆ ಹೋಗಿ ಹೋರಾಡಬೇಕೆಂಬ ನೀತಿ ಹಿಡಿದಿತ್ತು. ಸಂಖ್ಯೆಯಲ್ಲಿ ಕಡಿಮೆಯಿದ್ದ ಜರ್ಮನರು ತಮ್ಮ ನೆಲದ ಮೇಲೆ ಕಾದು ಎರಗುವುದನ್ನು ಆರಿಸಿಕೊಂಡರು. ಅದರ ಮೇಲೆ ಫ್ರಾನ್ಸಿನ ಉತ್ತರ ಭಾಗದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಕಾಳಗದಲ್ಲಿ ಸುತ್ತುತ್ತಾ ಸುತ್ತುತ್ತಾ ಎರಡೂ ಕಡೆಯ ವಿಮಾನಗಳು ಪೂರ್ವಕ್ಕೆ, ಅಂದರೆ ಜರ್ಮನರ ನೆಲದ ಮೇಲಕ್ಕೆ, ತೇಲಿಹೋಗುತ್ತಿದ್ದವು. ಎಂಜಿನ್‌ಗೆ ಗುಂಡು ತಗುಲಿದ ಬ್ರಿಟಿಷ್ ಪೈಲಟ್ ಎದುರುಗಾಳಿಯಲ್ಲಿ ಮನೆಗೆ ಮರಳಬೇಕು, ಹಾಗೆಯೇ ಪೆಟ್ಟು ತಿಂದ ಜರ್ಮನ್ ಪೈಲಟ್ ಕೆಳಗಿನ ಯಾವುದೋ ಹೊಲದಲ್ಲಿ ಇಳಿದರೆ ಅದು ಅವನದೇ ನೆಲ. ಹೀಗಾಗಿ ಬಿದ್ದ ಬ್ರಿಟಿಷ್ ವಿಮಾನದ ಅವಶೇಷ ಜರ್ಮನರ ಕೈಗೆ ಸಿಗುತ್ತಿತ್ತು, ಬಿದ್ದ ಜರ್ಮನ್ ವಿಮಾನದ ಅವಶೇಷವೂ ಅವರ ಕೈಯಲ್ಲೇ ಉಳಿಯುತ್ತಿತ್ತು. ರಿಕ್ಟ್‌ಹೋಫೆನ್ ತಾನು ಉರುಳಿಸಿದ ವಿಮಾನಗಳ ಬಟ್ಟೆಯಿಂದ ಸಂಖ್ಯೆಗಳನ್ನು ಕತ್ತರಿಸಿ ಮನೆಯ ಗೋಡೆಗೆ ಹಾಕಿಕೊಂಡದ್ದು ಪ್ರಸಿದ್ಧ. ಶತ್ರುವಿನ ನೆಲದ ಮೇಲೆ ಹೋರಾಡುತ್ತಿದ್ದ ಬ್ರಿಟಿಷ್ ಪೈಲಟ್‌ಗೆ ಅಂಥ ಅವಕಾಶ ತೀರ ಅಪರೂಪ. ರಿಕ್ಟ್‌ಹೋಫೆನ್‌ನ 80 ವಿಜಯಗಳಲ್ಲಿ ಬಹುಪಾಲನ್ನು ಇಂದು ಬ್ರಿಟಿಷರ ನಷ್ಟದ ದಾಖಲೆಗಳೊಂದಿಗೆ ಒಂದೊಂದಾಗಿ ತಾಳೆ ಹಾಕಬಹುದು. ಬ್ರಿಟಿಷರಿಗೆ ಉಳಿದಿದ್ದ ಸಾಕ್ಷಿ ಕಣ್ಣು ಮಾತ್ರ. ಎರಡನೆಯ ಸಾಲು ನಮೂನೆಯಲ್ಲಿ ಕೊನೆಯವರೆಗೂ ಉಳಿದದ್ದು ಇದರಿಂದಲೇ.

ಆ ಕಣ್ಣು ಏನನ್ನು ನೋಡುತ್ತಿತ್ತು ಎಂಬುದೂ ಮುಖ್ಯ. ರಾಯ್ ಹಾರಿಸುತ್ತಿದ್ದದ್ದು ಎಸ್.ಇ.5ಎ. ಎದುರಿಗೆ ಒಂದು ವಿಕರ್ಸ್ ಮೆಷಿನ್ ಗನ್, ಮೇಲಿನ ರೆಕ್ಕೆಯ ಮೇಲೆ ಒಂದು ಲೂಯಿಸ್. ಲೂಯಿಸ್‌ನ ಡ್ರಮ್ ಖಾಲಿಯಾದರೆ, ಕಂಟ್ರೋಲ್ ಕಡ್ಡಿಯನ್ನು ಮೊಣಕಾಲುಗಳ ನಡುವೆ ಹಿಡಿದು, ಗನ್ನನ್ನು ಹಳಿಯ ಮೇಲೆ ಹಿಂದಕ್ಕೆ ಎಳೆದು, ರಭಸದ ಗಾಳಿಯಲ್ಲಿ ಹೊಸ ಡ್ರಮ್ ಕೂರಿಸಬೇಕು. ತಲೆ ಎತ್ತುವಷ್ಟರಲ್ಲಿ ಹೊಡೆದ ವಿಮಾನ ಮೋಡದೊಳಗೆ ಹೋಗಿರುತ್ತದೆ, ಹಿಂದಿನಿಂದ ಇನ್ನೊಂದು ಬರುತ್ತಿರುತ್ತದೆ. ನಮ್ಮ ವಾಯುಪಡೆಯಿಂದ ನಿವೃತ್ತರಾದ, ದೀರ್ಘಕಾಲ ಹಾರಾಟ ಕಲಿಸಿದ ಹಿರಿಯರೊಬ್ಬರ ಮುಂದೆ ಇಂಥ ಒಂದು ವರದಿ ಓದಿದೆ. ಶತ್ರುವಿಮಾನ ಸ್ಪಿನ್‌ನಲ್ಲಿ ಗಿರಗಿರನೆ ತಿರುಗುತ್ತಾ ಇಳಿದು ಮಂಜಿನಲ್ಲಿ ಮರೆಯಾಯಿತು ಎಂಬಲ್ಲಿ ಅವರು ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ‘ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಬಾಲ ಹಿಡಿದವನಿಂದ ತಪ್ಪಿಸಿಕೊಳ್ಳಲು ಬೇಕೆಂದೇ ಸ್ಪಿನ್‌ಗೆ ಹಾಕಿ, ಕೆಳಗೆ ಸರಿಮಾಡಿಕೊಂಡು ಮನೆಗೆ ಹೋಗುವುದು. ಮೇಲಿನಿಂದ ನೋಡುವವನಿಗೆ ಸತ್ತವನು ಬೀಳುವುದೂ ಬದುಕಿದವನು ತಪ್ಪಿಸಿಕೊಳ್ಳುವುದೂ ಒಂದೇ ರೀತಿ ಕಾಣುತ್ತದೆ’ ಎಂದರು. ವರದಿ ಬರೆದ ಹುಡುಗ ಸುಳ್ಳು ಹೇಳಿಲ್ಲ, ಕಂಡದ್ದನ್ನೇ ಬರೆದಿದ್ದಾನೆ ಎಂದೂ ಸೇರಿಸಿದರು. ಈ ವಿಷಯದಲ್ಲಿ ನನಗೆ ಅವರ ಮಾತಿಗಿಂತ ಹೆಚ್ಚಿನ ಆಧಾರ ಬೇಕೆನಿಸಲಿಲ್ಲ.

ಈಗ ದಾಖಲೆ ತಾಳೆ ನೋಡಿ ಸತ್ಯ ಕಂಡುಹಿಡಿಯಬಹುದಲ್ಲ ಎನ್ನುವವರಿಗೆ ವಿನಯದಿಂದ ಹೇಳುತ್ತೇನೆ: ಪೂರ್ತಿಯಾಗಿ ಆಗದು. ಪ್ರಷ್ಯದ ಸೇನೆಯ ದಾಖಲೆಗಳಲ್ಲಿ ಬಹುಭಾಗ 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮ್ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಉಳಿದಿರುವ ಜರ್ಮನ್ ಪಟ್ಟಿಗಳು ಹೆಚ್ಚಾಗಿ ಸತ್ತವರ, ಗಾಯಗೊಂಡವರ ಪಟ್ಟಿಗಳು. ವಿಮಾನ ಪುಡಿಯಾಗಿ ಪೈಲಟ್ ಬದುಕಿದ್ದರೆ ಅವನ ಹೆಸರು ಅಲ್ಲಿ ಇರಬೇಕೆಂದೇನಿಲ್ಲ. ಬಿಲ್ಲಿ ಬಿಷಪ್ 1917ರ ಜೂನ್ 2ರಂದು ಒಬ್ಬರೇ ಹೋಗಿ ಜರ್ಮನ್ ವಿಮಾನ ನಿಲ್ದಾಣವೊಂದರ ಮೇಲೆ ದಾಳಿ ಮಾಡಿ ಮೂರು ವಿಮಾನಗಳನ್ನು ಉರುಳಿಸಿದ್ದಾಗಿ ವರದಿ ಕೊಟ್ಟರು. ಸ್ವತಂತ್ರ ಸಾಕ್ಷಿ ಯಾರೂ ಇರಲಿಲ್ಲ. ಅದಕ್ಕೆ ವಿಕ್ಟೋರಿಯಾ ಕ್ರಾಸ್ ಬಂದಿತು. ಈ ಬಗ್ಗೆ ಜಗಳವಾಡುವವರು ಇಂದಿಗೂ ಇದ್ದಾರೆ. ಜರ್ಮನ್ ದಾಖಲೆಯಲ್ಲಿ ಇಲ್ಲ ಎಂಬ ಒಂದೇ ಕಾರಣಕ್ಕೆ ಒಬ್ಬ ಮನುಷ್ಯನನ್ನು ಸುಳ್ಳುಗಾರನೆನ್ನಲು ನಾನು ಸಿದ್ಧನಿಲ್ಲ. ಅವರ 72ನ್ನು ನಿಸ್ಸಂಶಯವಾದ ಸಂಖ್ಯೆಯೆಂದು ಒಪ್ಪಿಕೊಳ್ಳಲೂ ಸಿದ್ಧನಿಲ್ಲ. ಬ್ರಿಟಿಷ್ ಪೈಲಟ್ ಮ್ಯಾನಕ್ ಅವರದು ಇನ್ನೊಂದು ಉದಾಹರಣೆ: ಅವರ ವಿಕ್ಟೋರಿಯಾ ಕ್ರಾಸ್‌ನ ಗೆಜೆಟ್ ಪ್ರಕಟಣೆಯಲ್ಲಿ 50, ಅವರನ್ನು ಮೆಚ್ಚಿದವರು ಆಮೇಲೆ ಬರೆದದ್ದರಲ್ಲಿ 73, ಈಗಿನ ಸಂಶೋಧಕರ ಪಟ್ಟಿಗಳಲ್ಲಿ 61.

ನಮ್ಮ ರಾಯ್ ಅವರ ವಿಷಯದಲ್ಲೂ ಹೀಗೆಯೇ. ಕಲ್ಕತ್ತೆಯಲ್ಲಿ 1898ರ ಡಿಸೆಂಬರ್ 2ರಂದು ಹುಟ್ಟಿ, ಲಂಡನ್ನಿನಲ್ಲಿ ಓದಿ, 40ನೆಯ ಸ್ಕ್ವಾಡ್ರನ್ ಸೇರಿದ ಈ ಹುಡುಗನ ಎಲ್ಲ ವಿಜಯಗಳೂ 1918ರ ಜುಲೈ 6ರಿಂದ 19ರವರೆಗಿನ ಎರಡು ವಾರಗಳಲ್ಲಿ ಬಂದವು. ಅವುಗಳಲ್ಲಿ ಮೂರು ಜುಲೈ 8ರ ಒಂದೇ ದಿನದವು. ಈಗಿನ ಪಟ್ಟಿಗಳು ಕೊಡುವ ಹತ್ತರಲ್ಲಿ ಐದು ನಾಶವಾದವು, ಐದು ಹತೋಟಿ ತಪ್ಪಿ ಇಳಿದವು. ಎರಡೂ ಗುಂಪಿನಲ್ಲಿ ಒಂದೊಂದು ಹಂಚಿಕೊಂಡದ್ದು. ಆದರೆ ಮರಣಾನಂತರ ಬಂದ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್‌ನ ಪ್ರಶಸ್ತಿ ಪತ್ರ ಹದಿಮೂರು ದಿನಗಳಲ್ಲಿ ಒಂಬತ್ತು ಎನ್ನುತ್ತದೆ. ಶಾಲೆಯೊಂದರವರು ತಮ್ಮ ಪ್ರದರ್ಶನದ ಫಲಕದಲ್ಲಿ ‘ಹದಿಮೂರು ದಿನಗಳಲ್ಲಿ ಹತ್ತು ಜರ್ಮನ್ ವಿಮಾನಗಳನ್ನು ಸುಟ್ಟು ಬೂದಿಮಾಡಿದ ವೀರ’ ಎಂದು ಬರೆಸಿದ್ದರು. ಇದು ಬೇಡ, ಪ್ರಶಸ್ತಿ ಪತ್ರದಲ್ಲಿ ಒಂಬತ್ತಿದೆ, ಹತ್ತರಲ್ಲಿ ಅರ್ಧದಷ್ಟು ನಾಶವೆಂದು ದಾಖಲಾದವಲ್ಲ ಎಂದು ಹೇಳಿದ್ದಕ್ಕೆ, ನಮ್ಮವರನ್ನು ಏಕೆ ಕಡಿಮೆ ಮಾಡುತ್ತೀರಿ ಎಂದು ಅಲ್ಲಿಯ ಹಿರಿಯ ಶಿಕ್ಷಕಿಯೊಬ್ಬರು ನೊಂದು ಕೇಳಿದರು. ಅವರ ನೋವು ನನಗೆ ಅರ್ಥವಾಗುತ್ತದೆ. ಇನ್ನೂ ಇಪ್ಪತ್ತು ತುಂಬದ ಹುಡುಗ, ಪ್ಯಾರಾಶೂಟ್ ಇಲ್ಲದೆ, ಒಟ್ಟು ನೂರ ಎಪ್ಪತ್ತು ಚಿಲ್ಲರೆ ಗಂಟೆಗಳ ಹಾರಾಟದ ಅನುಭವದೊಂದಿಗೆ ದಿನದಿಂದ ದಿನಕ್ಕೆ ಗಡಿ ದಾಟಿ ಹೋಗಿ, ಜುಲೈ 22ರಂದು ಕಾರ್ವಾಂ ಬಳಿ ಫೊಕರ್ ಡಿ7 ವಿಮಾನಗಳೊಂದಿಗಿನ ಕಾಳಗದಲ್ಲಿ ಸತ್ತ. ಇದರಲ್ಲಿ ಒಂದಂಶವೂ ಹತ್ತು ಒಂಬತ್ತಾದರೆ ಕಡಿಮೆಯಾಗುವುದಿಲ್ಲ ಎಂದು ಅವರಿಗೆ ಹೇಳಿದೆ. ಭಾರತೀಯ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದ ಸುಬ್ರತೋ ಮುಖರ್ಜಿ ಇವರ ಬಂಧು ಎಂಬುದನ್ನೂ ಹೇಳಿದೆ. ಫಲಕದಲ್ಲಿ ಕೊನೆಗೆ ಅದಕ್ಕೆ ಜಾಗ ಸಿಕ್ಕಿತು.

ಎಣಿಕೆಯ ಮೋಹಕ್ಕೆ ಇನ್ನೊಂದು ಕೇಡಿದೆ. ಯುದ್ಧವಿಮಾನಗಳು ಹುಟ್ಟಿದ್ದೇ ಶತ್ರುವಿನ ವೀಕ್ಷಣಾ ವಿಮಾನಗಳನ್ನು ತಡೆಯಲು ಮತ್ತು ತಮ್ಮವನ್ನು ಕಾಯಲು. ಎರಡು ಸೀಟಿನ ನಿಧಾನದ ವಿಮಾನದಿಂದ ಒಬ್ಬ ವೀಕ್ಷಕ ಕಂದಕಗಳ ಫೋಟೋ ತೆಗೆದರೆ, ಫಿರಂಗಿಗಳಿಗೆ ಗುರಿ ತಿದ್ದಿಕೊಟ್ಟರೆ, ಕೆಳಗೆ ನೂರಾರು ಕಾಲಾಳುಗಳ ಪ್ರಾಣ ಹೋಗುತ್ತಿತ್ತು. ಅಂಥ ವಿಮಾನವನ್ನು ಫೋಟೋ ತೆಗೆಯಲು ಬಿಡದೆ ಹಿಂದಕ್ಕೆ ಓಡಿಸಿದ ಪೈಲಟ್ ಒಪ್ಪಿಸಿದ ಕೆಲಸವನ್ನು ಪೂರ್ತಿಯಾಗಿ ಮಾಡಿದ್ದಾನೆ. ಅವನ ಲೆಕ್ಕಕ್ಕೆ ಮಾತ್ರ ಏನೂ ಸೇರುವುದಿಲ್ಲ. 1917ರ ಏಪ್ರಿಲ್‌ನಲ್ಲಿ ಅರಾಸ್ ಬಳಿ ಬ್ರಿಟಿಷರು ಸುಮಾರು 245 ವಿಮಾನಗಳನ್ನು ಕಳೆದುಕೊಂಡರೂ ಅವರ ವೀಕ್ಷಣೆಯ ಕೆಲಸ ನಿಲ್ಲಲಿಲ್ಲ. ವಿಜಯಗಳ ಪಟ್ಟಿಯನ್ನು ಮಾತ್ರ ನೋಡುವವರಿಗೆ ಆ ತಿಂಗಳು ಜರ್ಮನರ ಉತ್ಸವದಂತೆ ಕಾಣುತ್ತದೆ.

ಐದರ ಗೆರೆ ದಾಟದ ಕಾರಣಕ್ಕೆ ಫಲಕಗಳಲ್ಲಿ ಹೆಸರೇ ಇಲ್ಲದವರಲ್ಲಿ ಹರ್ದಿತ್ ಸಿಂಗ್ ಮಲಿಕ್ ಒಬ್ಬರು. ಆಕ್ಸ್‌ಫರ್ಡ್‌ನಲ್ಲಿ ಓದಿ, ಮೊದಲು ಫ್ರೆಂಚ್ ರೆಡ್‌ಕ್ರಾಸ್‌ಗೆ ಆಂಬುಲೆನ್ಸ್ ಓಡಿಸಿ, ಆಮೇಲೆ 28ನೆಯ ಸ್ಕ್ವಾಡ್ರನ್‌ನಲ್ಲಿ ಪೇಟದ ಮೇಲೆ ಕೂರುವಂತೆ ಹೊಲಿಸಿದ ದೊಡ್ಡ ಹೆಲ್ಮೆಟ್ ಹಾಕಿಕೊಂಡು ಕ್ಯಾಮೆಲ್ ವಿಮಾನ ಹಾರಿಸಿದವರು. 1917ರ ಅಕ್ಟೋಬರ್ 26ರಂದು ಕೆಟ್ಟ ಹವೆಯಲ್ಲಿ ಹಲವು ಜರ್ಮನ್ ವಿಮಾನಗಳ ನಡುವೆ ಸಿಕ್ಕಿ, ಕಾಲಿಗೆ ಗುಂಡು ತಗುಲಿ, ಅಂಥ ಸ್ಥಿತಿಯಲ್ಲೂ ತಮ್ಮ ಕಡೆಯ ನೆಲಕ್ಕೆ ವಿಮಾನವನ್ನು ತಂದು ಕೆಡವಿದರು. ಅದರಲ್ಲಿ ನಾನೂರಕ್ಕೂ ಹೆಚ್ಚು ಗುಂಡಿನ ತೂತುಗಳಿದ್ದವು. ಮುಂದೆ ಕೆನಡಾದಲ್ಲಿ ಭಾರತದ ಹೈಕಮಿಷನರ್ ಆದಾಗಲೂ, ಫ್ರಾನ್ಸಿಗೆ ರಾಯಭಾರಿಯಾದಾಗಲೂ ಆ ಗುಂಡುಗಳು ಅವರ ಕಾಲಿನಲ್ಲೇ ಇದ್ದವು. ರಾಯ್ ಅವರ ಫಲಕದ ಪಕ್ಕದಲ್ಲಿ ಇವರಿಗೂ ಒಂದು ಫಲಕ ಹಾಕಿಸಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ಅಂಕಿ ಬರೆಯಲೇಬೇಕೆಂದರೆ ಯಾವ ಸೇನೆಯ ಲೆಕ್ಕ, ಎಷ್ಟು ನಾಶ, ಎಷ್ಟು ಹತೋಟಿ ತಪ್ಪಿದ್ದು, ಎಷ್ಟು ಹಂಚಿಕೊಂಡದ್ದು ಎಂಬುದನ್ನು ಸೇರಿಸಿಯೇ ಬರೆಯಿಸಿ. ಅಷ್ಟಕ್ಕೆ ಜಾಗ ಸಾಲದಿದ್ದರೆ ಅಂಕಿಯನ್ನು ಬಿಟ್ಟು, ಸ್ಕ್ವಾಡ್ರನ್ ಮತ್ತು ವಿಮಾನದ ಹೆಸರುಗಳನ್ನು ಹಾಕಿಸಿ.