ದೇಹ ನಿಲ್ಲಲು ಬೇಕಾದ ಅರ್ಧ ಮೀಟರು

ಖಂಡೇಪೂಜೆಯ ದಿನ ಹುಬ್ಬಳ್ಳಿ-ಧಾರವಾಡದ ಯಾವ ಓಣಿಗೆ ಹೋದರೂ ಕಾರುಗಳಿಗೆ ಚೆಂಡುಹೂವಿನ ಹಾರ ಹಾಕಿ, ಗಾಲಿಯಡಿ ನಿಂಬೆಹಣ್ಣು ಇಟ್ಟಿರುವುದು ಕಾಣುತ್ತದೆ. ದುಡಿಯುವ ಯಂತ್ರಕ್ಕೆ ಕೈಮುಗಿಯುವ ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಮರುದಿನ ಅದೇ ಕಾರಿನಲ್ಲಿ ಬಂಧುಗಳಿಗೆ ಬನ್ನಿ ಕೊಡಲು ಹೊರಟವರ ಹಿಂದಿನ ಸೀಟಿನ ಬೆಲ್ಟುಗಳು ಸಂದಿಯಲ್ಲಿ ಹುದುಗಿಯೇ ಇರುತ್ತವೆ. ಕೇಳಿದರೆ ‘ಹಣೆಬರಹ ತಪ್ಪಸಾಕ ಆಗತದೇನು’ ಎನ್ನುತ್ತಾರೆ. ಅಪಘಾತದಲ್ಲಿ ಯಾರು ಉಳಿಯುತ್ತಾರೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅಳೆಯಬಹುದಾದ ಒಂದು ಸಂಗತಿ: ಓಡುತ್ತಿದ್ದ ದೇಹಕ್ಕೆ ನಿಲ್ಲಲು ಎಷ್ಟು ದೂರ ಸಿಕ್ಕಿತು ಎಂಬುದು.

ನಮ್ಮ ಗರಡಿಮನೆಗಳ ಉಸ್ತಾದರಿಗೆ ಇದು ಯಾವತ್ತೋ ಗೊತ್ತಿತ್ತು. ಕಣದ ಮಣ್ಣನ್ನು ಅಗೆದು ಹದಮಾಡಿ ಸಡಿಲವಾಗಿಡುವುದರಿಂದ ಎತ್ತಿ ಒಗೆಯಲ್ಪಟ್ಟ ಪೈಲ್ವಾನನ ಬೆನ್ನು ಮಣ್ಣಿನೊಳಗೆ ನಾಲ್ಕು ಬೆರಳು ಇಳಿದು ನಿಲ್ಲುತ್ತದೆ. ಅದೇ ಪಟ್ಟು ಕಲ್ಲುಚಪ್ಪಡಿಯ ಮೇಲೆ ಬಿದ್ದರೆ ಎಲುಬು ಮುರಿಯುತ್ತದೆ. ಬಿದ್ದ ವೇಗ ಒಂದೇ, ನಿಂತ ದೂರ ಬೇರೆ.

ಕಾರಿಗೆ ಬಂದರೆ ಲೆಕ್ಕ ಹೀಗಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ 60 ಕಿಲೋ ತೂಕದ ವ್ಯಕ್ತಿಯ ಚಲನಶಕ್ತಿ ಸುಮಾರು 8,300 ಜೂಲ್. ಬೆಲ್ಟ್ ಇಲ್ಲದಿದ್ದರೆ ಕಾರು ನಿಂತ ಮೇಲೂ ದೇಹ ಅದೇ ವೇಗದಲ್ಲಿ ಮುಂದೆ ಹೋಗಿ, ಗಟ್ಟಿಯಾದ ಯಾವುದಕ್ಕೋ ಬಡಿದು, ಐದು ಸೆಂಟಿಮೀಟರಿನಷ್ಟು ದೂರದಲ್ಲಿ ನಿಂತಿತೆನ್ನೋಣ. ಆ ಶಕ್ತಿಯನ್ನು ಈ ದೂರದಿಂದ ಭಾಗಿಸಿದರೆ ಮೈಮೇಲೆ ಬೀಳುವ ಸರಾಸರಿ ಬಲ ಸಿಗುತ್ತದೆ: ಸುಮಾರು 17 ಟನ್ ಭಾರಕ್ಕೆ ಸಮ. ಬೆಲ್ಟು ದೇಹವನ್ನು ಕಾರಿಗೆ ಬಿಗಿದಿದ್ದರೆ ಕಾರಿನ ಮೂತಿ ಮುದುಡುವ ದೂರ, ಬೆಲ್ಟಿನ ಎಳೆಗಳು ಹಿಗ್ಗುವ ದೂರ ಎರಡೂ ದೇಹಕ್ಕೆ ದಕ್ಕುತ್ತವೆ. ಅದು 60 ಸೆಂಟಿಮೀಟರ್ ಆದರೆ ಬಲ 1.4 ಟನ್ನಿಗೆ ಇಳಿಯುತ್ತದೆ. ಅದೂ ಎದೆಗೂಡು ಮತ್ತು ಸೊಂಟದ ಎಲುಬುಗಳ ಮೇಲೆ ಹಂಚಿಹೋಗುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗುವುದರಿಂದ, 120ರಲ್ಲಿ ಬೆಲ್ಟ್ ಕಟ್ಟಿದವನಿಗೂ ಈ ರಿಯಾಯಿತಿ ಸಾಲದೆ ಹೋಗಬಹುದು.

‘ಹಳೇ ಅಂಬಾಸಿಡರ್ ತಗಡು ಎಷ್ಟು ಗಟ್ಟಿ ಇತ್ತು, ಈಗಿನ ಕಾರು ಮುಟ್ಟಿದರ ಮುದುಡತಾವ’ ಎಂಬ ದೂರು ಗ್ಯಾರೇಜುಗಳಲ್ಲಿ ಈಗಲೂ ಕೇಳಿಬರುತ್ತದೆ. ಮುದುಡಲೆಂದೇ ಅದನ್ನು ಹಾಗೆ ಮಾಡಿದ್ದಾರೆ. ಮುಂಭಾಗ ಮುದುಡಿ ನಡುವಿನ ಕೋಣೆ ಗಟ್ಟಿಯಾಗಿ ಉಳಿಯಬೇಕೆಂಬ ವಿಚಾರವನ್ನು 1950ರ ದಶಕದಲ್ಲಿ ಮರ್ಸಿಡಿಸ್ ಕಂಪನಿಯ ಬೇಲಾ ಬರೇನಿ ರೂಪಿಸಿದರು. ಅದೇ ಹೊತ್ತಿಗೆ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ ತಮ್ಮ ಮೈಯನ್ನೇ ಪ್ರಯೋಗಕ್ಕೆ ಒಡ್ಡಿಕೊಂಡಿದ್ದರು. 1954ರ ಡಿಸೆಂಬರ್ 10ರಂದು ಅವರು ಹಳಿಯ ಮೇಲಿನ ರಾಕೆಟ್ ಬಂಡಿಗೆ ತಮ್ಮನ್ನು ಕಟ್ಟಿಸಿಕೊಂಡು ಗಂಟೆಗೆ ಸುಮಾರು 1,017 ಕಿಲೋಮೀಟರ್ ವೇಗ ಮುಟ್ಟಿ, ಒಂದೂವರೆ ಸೆಕೆಂಡಿನೊಳಗೆ ನಿಂತರು. ಗುರುತ್ವದ 46 ಪಟ್ಟು ಬಲ ತಾಗಿ ಕಣ್ಣಿನ ರಕ್ತನಾಳಗಳು ಒಡೆದರೂ ಅವರು ಬದುಕಿದರು, ಮುಂದೆ 89 ವರ್ಷ ಬಾಳಿದರು. ಬಿಗಿಯಾಗಿ ಕಟ್ಟಿದ ಮನುಷ್ಯದೇಹ ಎಷ್ಟು ತಾಳಬಲ್ಲದು ಎಂಬುದು ಹೀಗೆ ತಿಳಿಯಿತು. 1959ರಲ್ಲಿ ಸ್ವೀಡನ್ನಿನ ನಿಲ್ಸ್ ಬೋಲಿನ್, ವಿಮಾನದ ಪೈಲಟ್‌ಗಳನ್ನು ಹೊರಚಿಮ್ಮಿಸುವ ಆಸನಗಳ ಮೇಲೆ ಕೆಲಸ ಮಾಡಿದ ಅನುಭವದಿಂದ, ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದಾದ ಮೂರು ಬಿಂದುಗಳ ಬೆಲ್ಟನ್ನು ವೋಲ್ವೋ ಕಾರಿಗೆ ತಂದರು. ಕಂಪನಿಯು ಆ ಪೇಟೆಂಟನ್ನು ಉಳಿದ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು.

ನನ್ನನ್ನು ಹೆಚ್ಚು ಕಾಡುವುದು ತೊಡೆಯ ಮೇಲೆ ಕೂತ ಮಕ್ಕಳು. ಮೇಲೆ ಲೆಕ್ಕ ಹಾಕಿದ 60ರ ವೇಗದ ಡಿಕ್ಕಿಯಲ್ಲಿ ಬೆಲ್ಟ್ ಕಟ್ಟಿದ ತಾಯಿಯ ತೋಳಿಗೆ ಹತ್ತು ಕಿಲೋದ ಕೂಸು ಎರಡು ಕ್ವಿಂಟಲಿಗೂ ಹೆಚ್ಚು ಭಾರವಾಗುತ್ತದೆ. ಎಷ್ಟೇ ಅಕ್ಕರೆಯಿಂದ ಅಪ್ಪಿದ್ದರೂ ಯಾವ ತೋಳೂ ಅದನ್ನು ಹಿಡಿದಿಡಲಾರದು. ಮಕ್ಕಳ ಸೀಟನ್ನು ಪೇಟೆಯವರ ಶೋಕಿ ಎನ್ನುವವರು ಈ ಸಂಖ್ಯೆಯನ್ನು ನೋಡಬೇಕು.

ಹುಬ್ಬಳ್ಳಿ-ಧಾರವಾಡ ಬೈಪಾಸ್ ಬಹಳ ವರ್ಷ ಎರಡೇ ಪಥದಲ್ಲಿತ್ತು, ನಡುವೆ ವಿಭಜಕವಿರಲಿಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ದಾವಣಗೆರೆಯ ಗೆಳತಿಯರಿದ್ದ ಮಿನಿ ಬಸ್ಸಿಗೂ ಟಿಪ್ಪರಿಗೂ ಆದ ಡಿಕ್ಕಿಯನ್ನು ಇಲ್ಲಿನವರು ಮರೆತಿಲ್ಲ. ಅಂಥ ಜಾಗಗಳಿಗೆ ದೆವ್ವದ ಕಥೆ ಕಟ್ಟಿದರೆ ರಸ್ತೆಯ ವಿನ್ಯಾಸವನ್ನು ಪ್ರಶ್ನಿಸುವ ದನಿ ಅಡಗುತ್ತದೆ.

ಡಿಕ್ಕಿಯಾದ ಮೇಲೆ ಓಡಿಬರುವ ಜನ ಮೊದಲು ಮಾಡುವುದು ನೀರು ಕುಡಿಸುವುದು. ಅರೆಪ್ರಜ್ಞೆಯಲ್ಲಿರುವವರ ಗಂಟಲಿನ ಕಾವಲು ಸಡಿಲವಾಗಿರುವುದರಿಂದ ಆ ನೀರು ಶ್ವಾಸಕೋಶಕ್ಕೆ ಇಳಿಯಬಹುದು; ಶಸ್ತ್ರಚಿಕಿತ್ಸೆ ಬೇಕಾದರೆ ಅರಿವಳಿಕೆಯ ಹೊತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಅದೇ ಅಪಾಯ ಒದಗಬಹುದು. ವಯಸ್ಕರ ಮೈಯಲ್ಲಿರುವುದು ಸುಮಾರು ಐದು ಲೀಟರ್ ರಕ್ತ, ಅದರಲ್ಲಿ ಎರಡು ಲೀಟರ್ ಹೋದರೆ ಜೀವ ಹೋಗಬಹುದು. ಆದ್ದರಿಂದ ಸ್ವಚ್ಛ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಿಡದೆ ಒತ್ತಿಹಿಡಿಯಬೇಕು, ಒಬ್ಬರು 112 ಅಥವಾ 108ಕ್ಕೆ ಕರೆ ಮಾಡಬೇಕು, ಇನ್ನೊಬ್ಬರು ಹಿಂದಿನಿಂದ ಬರುವ ವಾಹನಗಳಿಗೆ ದೂರದಿಂದಲೇ ಎಚ್ಚರಿಕೆ ಕೊಡಬೇಕು. ಬೆಂಕಿಯಂಥ ಅಪಾಯ ಇಲ್ಲದಿದ್ದರೆ ಗಾಯಾಳುವನ್ನು ಎಳೆದು ಹೊರತೆಗೆಯಬಾರದು, ಏಕೆಂದರೆ ಕುತ್ತಿಗೆಯ ಮೂಳೆ ಮುರಿದಿದ್ದರೆ ಆ ಎಳೆತಕ್ಕೆ ಮಿದುಳುಬಳ್ಳಿಯೇ ಘಾಸಿಗೊಳ್ಳಬಹುದು. ಕೋರ್ಟು-ಕಚೇರಿ ಅಲೆಯಬೇಕಾದೀತೆಂದು ಹಿಂಜರಿಯಬೇಕಿಲ್ಲ: 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳುವಂತೆಯೂ ಅವರನ್ನು ಒತ್ತಾಯಿಸುವಂತಿಲ್ಲ.

ಕಾರು ರಿಪೇರಿಗೆ ಹೋದಾಗ ಬಂಪರು, ಬಣ್ಣಗಳ ಲೆಕ್ಕ ಮಾತ್ರ ನೋಡಿ ಬೆಲ್ಟನ್ನು ಮರೆಯುವವರೇ ಹೆಚ್ಚು. ದೊಡ್ಡ ಡಿಕ್ಕಿಯ ಭಾರ ಹೊತ್ತ ಬೆಲ್ಟಿನ ಎಳೆಗಳು ಒಮ್ಮೆ ಹಿಗ್ಗಿದವೆಂದರೆ ಮೊದಲಿನಂತಾಗುವುದಿಲ್ಲ. ಅದನ್ನು ಥಟ್ಟನೆ ಬಿಗಿಗೊಳಿಸುವ ಸಿಡಿಮದ್ದಿನ ಸಾಧನವಿದ್ದರೆ ಅದೂ ಒಂದೇ ಸಲ ಕೆಲಸ ಮಾಡುವಂಥದ್ದು. ಎರಡನ್ನೂ ಹೊಸದಾಗಿ ಹಾಕಿಸಿಕೊಂಡ ಮೇಲೆಯೇ ಕಾರನ್ನು ರಸ್ತೆಗಿಳಿಸಬೇಕು.