ಲೆಪ್ಟಿನ್: ದಪ್ಪ ಇಲಿಗಳಿಂದ ಲ್ಯಾಬ್ ಶೀಶೆಯವರೆಗೆ

1949ರಲ್ಲಿ ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ಕೆಲವು ಇಲಿಗಳು ವಿಪರೀತ ದಪ್ಪಗಾದವು. ಎಷ್ಟು ತಿಂದರೂ ಅವಕ್ಕೆ ಹಸಿವು ಹಿಂಗುತ್ತಿರಲಿಲ್ಲ. ಕೆಟ್ಟಿದ್ದು ಒಂದೇ ಒಂದು ಜೀನ್. ಆ ತಳಿಗೆ ಓಬಿ ಅಂತ ಹೆಸರಾಯಿತು.

ಮುಂದೆ ಅಲ್ಲೇ ಡಗ್ಲಾಸ್ ಕೋಲ್ಮನ್ ಇಲಿಗಳನ್ನು ಪಕ್ಕೆಗೆ ಪಕ್ಕೆ ಸೇರಿಸಿ ಹೊಲಿದರು. ಒಂದರ ರಕ್ತ ಇನ್ನೊಂದಕ್ಕೂ ಹೋಗಬೇಕು, ಅದಕ್ಕೆ. ಮಾಮೂಲಿ ಇಲಿಯ ಜೊತೆ ಸೇರಿಸಿದ ಓಬಿ ಇಲಿ ತಿನ್ನುವುದನ್ನು ಕಡಿಮೆ ಮಾಡಿತು. ಡಿಬಿ ಅನ್ನುವ ಇನ್ನೊಂದು ದಪ್ಪ ತಳಿಯ ಜೊತೆ ಸೇರಿಸಿದಾಗ ಮಾತ್ರ ಮಾಮೂಲಿ ಇಲಿಯೇ ಊಟ ಬಿಟ್ಟು ಸತ್ತಿತು. ಕ್ರೂರ ಪ್ರಯೋಗ, ನಿಜ. ಆದರೆ ಕೋಲ್ಮನ್ ಅದರಿಂದ ಸರಿಯಾಗೇ ಊಹಿಸಿದರು: 'ಸಾಕು' ಅಂತ ಹೇಳುವ ಏನೋ ಒಂದು ರಕ್ತದಲ್ಲಿದೆ. ಓಬಿ ಇಲಿಯಲ್ಲಿ ಅದು ಹುಟ್ಟುವುದೇ ಇಲ್ಲ. ಡಿಬಿ ಇಲಿಯಲ್ಲಿ ಬೇಕಾದಷ್ಟಿದೆ, ಕೇಳಿಸಿಕೊಳ್ಳುವವರಿಲ್ಲ.

1994ರಲ್ಲಿ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡಕ್ಕೆ ಆ ಜೀನ್ ಸಿಕ್ಕಿತು. ಅದರ ಸೂಚನೆಯಂತೆ ಕೊಬ್ಬಿನ ಕೋಶಗಳೇ ಮಾಡುವ ಹಾರ್ಮೋನೇ 'ಸಾಕು' ಅಂತ ಹೇಳುವುದು, ಅದೇ ಲೆಪ್ಟಿನ್. ರಕ್ತದಲ್ಲಿ ಇರುವುದು ತೀರಾ ಕಡಿಮೆ, ಹಾಗಾಗಿ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಪ್ರೋಟೀನ್ ಬೆಳೆಸಿದರು. 1995ರಲ್ಲಿ ಅದನ್ನು ದಿನಾ ಚುಚ್ಚಿದಾಗ ಎರಡೇ ವಾರದಲ್ಲಿ ಓಬಿ ಇಲಿಗಳ ತೂಕ ಶೇ. 30ರಷ್ಟು ಇಳಿಯಿತು. ಡಿಬಿ ಇಲಿಗಳಿಗೆ ಏನೂ ಆಗಲಿಲ್ಲ.

ಇವತ್ತು ಲ್ಯಾಬ್‌ಗಳು ಕೊಳ್ಳುವ ಇಲಿ ಲೆಪ್ಟಿನ್ ಕೂಡ ಹೆಚ್ಚಾಗಿ ಇ. ಕೋಲಿಯಲ್ಲೇ ತಯಾರಾಗುತ್ತದೆ. ಶೀಶೆಯ ತಳದಲ್ಲಿ ಚೂರು ಬಿಳಿ ಪುಡಿ, ಅಷ್ಟೇ. ಕೊಳ್ಳುವವರು ಮೊದಲು ನೋಡಬೇಕಾದ್ದು ಎಂಡೋಟಾಕ್ಸಿನ್ ಎಷ್ಟಿದೆ ಅನ್ನೋದನ್ನ. ಬ್ಯಾಕ್ಟೀರಿಯಾದ ಹೊರಪೊರೆಯಿಂದ ಬರುವ ಈ ವಿಷವೂ ಇಲಿಯ ಹಸಿವು ಕೆಡಿಸುತ್ತದೆ. ಅದು ಸರಿಯಾಗಿ ಹೋಗಿರದಿದ್ದರೆ ಇಲಿ ಊಟ ಬಿಟ್ಟಿದ್ದು ಹಾರ್ಮೋನಿಂದಲೋ ಕೊಳೆಯಿಂದಲೋ ಹೇಗೆ ಹೇಳೋದು? ಪ್ರಯೋಗವೇ ವ್ಯರ್ಥ.

ಲೆಪ್ಟಿನ್ ಬೊಜ್ಜಿಗೆ ಮದ್ದಾಗುತ್ತದೆ ಅಂತ ಆಗ ಭಾರಿ ಆಸೆ ಇತ್ತು. ಆದರೆ ದಪ್ಪಗಿರುವ ಬಹುಪಾಲು ಜನರ ರಕ್ತದಲ್ಲಿ ಲೆಪ್ಟಿನ್ ಮೊದಲೇ ಜಾಸ್ತಿ ಇರುತ್ತದೆ. ಹುಟ್ಟಿನಿಂದಲೇ ಅದು ಇಲ್ಲದ ಅಪರೂಪದ ಮಕ್ಕಳಿಗೆ ಮಾತ್ರ ಇದು ವರವಾಯಿತು. 2014ರಲ್ಲಿ ಮೆಟ್ರೆಲೆಪ್ಟಿನ್ ಅನ್ನುವ ಬದಲಿ ರೂಪಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದೂ ಮೈಯಲ್ಲಿ ಕೊಬ್ಬು ನಿಲ್ಲದ ಲಿಪೊಡಿಸ್ಟ್ರೊಫಿ ಕಾಯಿಲೆಗೆ.

ಲ್ಯಾಬ್ ಶೀಶೆಯ ಮೇಲೆ 'ಸಂಶೋಧನೆಗೆ ಮಾತ್ರ' ಅಂತ ಬರೆದಿರುವುದು ಸುಮ್ನೆ ಅಲ್ಲ. ಔಷಧಿಗೆ ಮಾಡುವ ಪರೀಕ್ಷೆಗಳು ಅದಕ್ಕೆ ಆಗಿರುವುದಿಲ್ಲ, ಅದನ್ನು ಯಾರೂ ಮೈಗೆ ಚುಚ್ಚಿಕೊಳ್ಳಬಾರದು. ಅದರ ಕೆಲಸ ಬೇರೆ. ರಕ್ತದಲ್ಲಿ ಅಷ್ಟು ಲೆಪ್ಟಿನ್ ಇದ್ದರೂ ಮಿದುಳು ಯಾಕೆ ಕಿವಿಗೊಡುವುದಿಲ್ಲ ಅಂತ ಇಲಿಗಳಲ್ಲಿ ಹುಡುಕುವುದು ಇನ್ನೂ ನಡೆದಿದೆ.